ವೇಷ ಮತ್ತು ಉಡುಪು: ರಷ್ಯನ್ ಬ್ಯಾಲೆಯ ಆಹಾರ್ಯವನ್ನು ಕುರಿತು

ಸೆರ್ಗೆ ದ್ಯಾಗಿಲೆವನ ರಷ್ಯನ್ ಬ್ಯಾಲೆ ತಂಡವು ೧೯೦೯ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಶಾತ್ಲೆ ರಂಗಮಂದಿರದಲ್ಲಿ ಮೊದಲು ಕಾಣಿಸಿಕೊಂಡಿತು. ೧೯೨೯ರಲ್ಲಿ ಅವನು ವೆನಿಸ್ಸಿನಲ್ಲಿ ತೀರಿಕೊಂಡ ಬಳಿಕ ಚದುರಿಹೋಯಿತು. ಈ ಇಪ್ಪತ್ತು ವರ್ಷಗಳ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಹೇಳುವ ಮಾತೊಂದುಂಟು: ಈ ತಂಡವು ನೃತ್ಯವನ್ನು ಮಾತ್ರವಲ್ಲ, ಯೂರೋಪಿನ ಸ್ತ್ರೀಯರ ಉಡುಪಿನ ರೀತಿಯನ್ನೂ ಬದಲಿಸಿತು ಎಂಬುದು. ಮಾತು ಸುಳ್ಳಲ್ಲ. ಆದರೆ ಅದನ್ನೇ ಆ ರಂಗದ ವೇಷಭೂಷಣಗಳ ಹಿರಿಮೆಗೆ ಪ್ರಮಾಣವೆಂದು ಹಿಡಿಯುವುದು ವಿಚಾರಯೋಗ್ಯವಾದ ಸಂಗತಿ. ರಂಗದಿಂದ ಬೀದಿಗೆ ಇಳಿದದ್ದು ವೇಷದ ಬಣ್ಣ ಮತ್ತು ಹೊರಗೆರೆ. ವೇಷದ ಪ್ರಾಣವಾದ ಚಲನೆ ರಂಗದಲ್ಲಿಯೇ ಉಳಿಯಿತು ಎಂಬುದು ಈ ಲೇಖನದ ವಾದ.

ಭರತನು ಅಭಿನಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಆಂಗಿಕ ವಾಚಿಕ ಸಾತ್ತ್ವಿಕಗಳ ಜೊತೆಗೆ ಆಹಾರ್ಯವನ್ನೂ ಎಣಿಸಿದ್ದಾನೆ. ವೇಷವು ಅಲಂಕಾರವಲ್ಲ, ಅದೂ ಒಂದು ಅಭಿನಯ ಎಂಬ ಈ ತಿಳಿವಳಿಕೆ ನಮ್ಮ ಪರಿಶೀಲನೆಗೆ ಒಳ್ಳೆಯ ಅಳತೆಗೋಲು. ಇಲ್ಲಿ ‘ವೇಷ’ ಎಂದರೆ ನರ್ತಕನ ಅಂಗಾಂಗಗಳು ಹೇಗೆ ಚಲಿಸಬೇಕೆಂಬುದನ್ನು ನಿರ್ಣಯಿಸುವ ವಸ್ತ್ರ. ‘ಉಡುಪು’ ಎಂದರೆ ನೋಡುವವರ ಕಣ್ಣಿಗಾಗಿ ತೊಟ್ಟದ್ದು. ಒಂದೇ ಬಟ್ಟೆ ಎರಡೂ ಆಗಬಹುದು. ಆದರೆ ಎರಡರ ಬೆಲೆಯನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ರಷ್ಯದ ರಾಜರಂಗಭೂಮಿಯಲ್ಲಿ ನರ್ತಕಿಯ ವೇಷ ಹೆಚ್ಚುಕಡಿಮೆ ಒಂದು ಸಮವಸ್ತ್ರವಾಗಿತ್ತು. ಕಥೆ ಈಜಿಪ್ಟಿನದಾಗಲಿ, ಗ್ರೀಸಿನದಾಗಲಿ, ಸೊಂಟದಿಂದ ಅಗಲವಾಗಿ ಹರಡಿದ ಗಿಡ್ಡ ಟುಟು ಲಂಗ, ಕಾಲ್ಬೆರಳ ತುದಿಯಲ್ಲಿ ನಿಲ್ಲಲು ಬೇಕಾದ ಗಟ್ಟಿ ಪಾದರಕ್ಷೆ, ಬಿಗಿಯಾದ ಕಾಲುಚೀಲ ಇವು ತಪ್ಪುತ್ತಿರಲಿಲ್ಲ. ೧೯೦೪ರಲ್ಲಿ ಇಸಡೋರಾ ಡಂಕನ್ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದು, ಬರಿಗಾಲಿನಲ್ಲಿ ಸಡಿಲವಾದ ಅಂಗಿ ತೊಟ್ಟು ನರ್ತಿಸಿದಳು. ೧೯೦೭ರಲ್ಲಿ ಮಿಖಾಯಿಲ್ ಫೋಕಿನ್ ಪ್ರಾಚೀನ ರೋಮನ್ ಕಾಲದ ವಸ್ತುವುಳ್ಳ ‘ಯೂನಿಸ್’ ಎಂಬ ಬ್ಯಾಲೆಯನ್ನು ಸಂಯೋಜಿಸಿದಾಗ, ಬರಿಗಾಲಿಗೆ ಅನುಮತಿ ಇಲ್ಲದ ಕಾರಣ ಕಾಲುಚೀಲಗಳ ಮೇಲೆಯೇ ಬೆರಳುಗಳನ್ನು ಬಣ್ಣದಿಂದ ಬರೆಯಬೇಕಾಯಿತು! ೧೯೧೧ರಲ್ಲಿ ನಿಜಿನ್‌ಸ್ಕಿಯನ್ನು ರಾಜರಂಗಭೂಮಿಯಿಂದ ವಜಾ ಮಾಡಿದ್ದೂ ‘ಜಿಸೆಲ್’ ಬ್ಯಾಲೆಯಲ್ಲಿ ಅವನು ತೊಟ್ಟ ವೇಷ ಸಭ್ಯವಲ್ಲವೆಂಬ ನೆಪದಿಂದ. ೧೯೧೪ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆದ ಕಾಗದದಲ್ಲಿ ಫೋಕಿನ್ ಹೊಸ ಬ್ಯಾಲೆಯ ಐದು ಸೂತ್ರಗಳನ್ನು ಕ್ರಮವಾಗಿ ಹೇಳಿದ. ಸಂಗೀತ, ಚಿತ್ರ, ನೃತ್ಯ ಇವು ಸಮಾನಸ್ಕಂಧರಾಗಿ ಒಂದೇ ಭಾವಕ್ಕೆ ದುಡಿಯಬೇಕೆಂಬುದು ಅವುಗಳಲ್ಲಿ ಒಂದು. ಹೊಸ ವೇಷದ ಹುಟ್ಟು ಹೀಗೆ ಚಲನೆಯ ಅಗತ್ಯದಿಂದಾದುದು, ಸೊಗಸಿನ ಆಸೆಯಿಂದಲ್ಲ.

ಈಗ ‘ಶೆಹೆರಜಾದೆ’ಯನ್ನು ನೋಡೋಣ. ೧೯೧೦ರ ಜೂನ್ ೪ರಂದು ಪ್ಯಾರಿಸ್ಸಿನ ಆಪೆರಾದಲ್ಲಿ ಮೊದಲು ಪ್ರದರ್ಶಿತವಾದ ಈ ಬ್ಯಾಲೆಗೆ ಫೋಕಿನನ ನೃತ್ಯ, ರಿಮ್‌ಸ್ಕಿ ಕೊರ್ಸಾಕೊವನ ಸಂಗೀತ, ಲಿಯೋನ್ ಬಾಕ್ಸ್ಟನ ರಂಗಸಜ್ಜು ಮತ್ತು ವೇಷ. ಹಸಿರು ನೀಲಿ ಕಿತ್ತಳೆಗಳ ಉಜ್ಜ್ವಲ ಸಂಯೋಜನೆಯನ್ನು ಕಂಡು ಪ್ಯಾರಿಸ್ ಬೆರಗಾಯಿತು. ಅಂತಃಪುರದ ಸಡಿಲ ಷರಾಯಿಗಳು, ರುಮಾಲುಗಳು, ಗರಿಗಳು ಶ್ರೀಮಂತರ ಔತಣಗಳಿಗೆ ಬಂದವು. ಉಡುಪುಗಳ ಸೂತ್ರಧಾರನಾಗಿದ್ದ ಪಾಲ್ ಪ್ವಾರೆ ೧೯೧೧ರ ಜೂನ್ ೨೪ರಂದು ‘ಸಾವಿರದೆರಡನೆಯ ರಾತ್ರಿ’ ಎಂಬ ಹೆಸರಿನ ಔತಣವನ್ನೇ ಏರ್ಪಡಿಸಿದ. ಬಾಕ್ಸ್ಟನಿಗೆ ತಾನು ಋಣಿಯಲ್ಲವೆಂದು ಅವನು ಮುಂದೆ ೧೯೩೦ರ ತನ್ನ ಆತ್ಮಕಥೆಯಲ್ಲಿ ವಾದಿಸಿದ. ಆ ವಾದದಲ್ಲಿ ಸತ್ಯಾಂಶ ಇಲ್ಲದಿಲ್ಲ. ಸೊಂಟವನ್ನು ಬಿಗಿಯುವ ಕಾರ್ಸೆಟ್ಟನ್ನು ಅವನು ತನ್ನ ಉಡುಪುಗಳಿಂದ ಬಿಟ್ಟದ್ದು ರಷ್ಯನ್ನರು ಬರುವುದಕ್ಕೆ ಮೊದಲೇ.

ಆದರೆ ಋಣ ಯಾರಿಗೆ ಯಾರದು ಎಂಬುದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ‘ಶೆಹೆರಜಾದೆ’ಯ ನರ್ತಕಿಯರು ಸಡಿಲ ಷರಾಯಿಯಲ್ಲಿ ನೆಲದ ಮೇಲೆ ಹೊರಳುತ್ತಿದ್ದ, ಓಡುತ್ತಿದ್ದ ಕಾಲದಲ್ಲಿಯೇ ಪ್ವಾರೆಯ ಗ್ರಾಹಕರು ಕಣಕಾಲಿನ ಬಳಿ ಕಿರಿದಾಗಿ, ಗೇಣುದ್ದದ ಹೆಜ್ಜೆಗೂ ಆಸ್ಪದವಿಲ್ಲದ ಲಂಗವನ್ನು ತೊಡುತ್ತಿದ್ದರು. ಎದೆಗೆ ಬಿಡುಗಡೆ ಕೊಟ್ಟ ತಾನೇ ಕಾಲನ್ನು ಬಂಧಿಸಿದೆನೆಂದು ಪ್ವಾರೆಯೂ ಒಪ್ಪಿಕೊಂಡಿದ್ದಾನೆ. ಹಾಗಾದರೆ ರಂಗದಿಂದ ಬೀದಿಗೆ ಬಂದುದಾವುದು? ಬಣ್ಣ ಬಂದಿತು, ರುಮಾಲು ಬಂದಿತು, ನಡಿಗೆ ಬರಲಿಲ್ಲ.

ಬಾಕ್ಸ್ಟನ ಕೃತಿಗಳಲ್ಲಿಯೇ ಈ ಭೇದ ಸ್ಪಷ್ಟವಾಗಿ ಕಾಣುತ್ತದೆ. ೧೯೧೨ರ ಮೇ ತಿಂಗಳಲ್ಲಿ, ಒಂದೇ ಶಾತ್ಲೆ ರಂಗದಲ್ಲಿ, ಒಬ್ಬನೇ ನಿಜಿನ್‌ಸ್ಕಿ ಬಾಕ್ಸ್ಟನ ಎರಡು ವೇಷಗಳನ್ನು ತೊಟ್ಟ. ೧೩ರಂದು ‘ನೀಲದೇವ’, ೨೯ರಂದು ‘ಫಾನನ ಅಪರಾಹ್ಣ’. ಮೊದಲನೆಯದು ಕಾಕ್ತೊ ಮೊದಲಾದವರು ಕಲ್ಪಿಸಿದ ಪೌರಾಣಿಕ ಭಾರತದ ಕಥೆ. ಕಸೂತಿ, ಕಿರೀಟ, ಬಂಗಾರದ ಬಣ್ಣಗಳ ಸಂಪತ್ತಿಗೆ ಕೊರತೆಯಿಲ್ಲ. ಆದರೆ ಆ ಸಂಪತ್ತೆಲ್ಲ ಚಿತ್ರಪಟದ ಸಂಪತ್ತು. ದೇವನು ಕಾಣಿಸಿಕೊಳ್ಳುತ್ತಾನೆ, ಭಂಗಿಯಲ್ಲಿ ನಿಲ್ಲುತ್ತಾನೆ. ನಮ್ಮ ದೇಶದ ಹೆಸರನ್ನು ಹೊತ್ತಿದ್ದರೂ ಇಲ್ಲಿನ ನೃತ್ಯದ ಅಡವು, ಲಯ, ಹಸ್ತಗಳ ಅರ್ಥ ಯಾವುದೂ ಅದರಲ್ಲಿಲ್ಲ; ಭಾರತವು ಅಲ್ಲಿ ಒಂದು ಉಡುಪು ಮಾತ್ರ. ಕೆಲವು ಪ್ರದರ್ಶನಗಳ ಬಳಿಕ ಅದು ಮರೆಯಾದುದು ಆಶ್ಚರ್ಯವಲ್ಲ. ಎರಡನೆಯದು ಹತ್ತು ಹನ್ನೆರಡು ನಿಮಿಷಗಳ ಸಣ್ಣ ಕೃತಿ, ನಿಜಿನ್‌ಸ್ಕಿಯ ಸ್ವಂತ ಸಂಯೋಜನೆ. ಅಪ್ಸರೆಯರಿಗೆ ನೆರಿಗೆಯ ತೆಳು ಅಂಗಿ. ಕಾಲಿಗೆ ಗಟ್ಟಿ ಪಾದರಕ್ಷೆಯಿಲ್ಲ. ಪ್ರಾಚೀನ ಗ್ರೀಕ್ ಶಿಲ್ಪಪಟ್ಟಿಕೆಯಂತೆ ದೇಹವನ್ನು ಪಕ್ಕಕ್ಕೆ ತಿರುಗಿಸಿ ನಡೆಯುವಾಗ ಆ ನೆರಿಗೆಗಳು ನಡೆಯ ಗೆರೆಯನ್ನು ಬರೆದು ತೋರಿಸುತ್ತವೆ. ನೆರಿಗೆಯನ್ನು ತೆಗೆದರೆ ನೃತ್ಯವೇ ಕುಂದುತ್ತದೆ. ಅದು ವೇಷ.

ಮರುವರ್ಷ, ೧೯೧೩ರ ಮೇ ೨೯ರಂದು, ಸ್ಟ್ರಾವಿನ್‌ಸ್ಕಿಯ ‘ವಸಂತ ವಿಧಿ’ಗೆ ನಿಕೊಲಾಯ್ ರೋರಿಕ್ ರಚಿಸಿದ ವೇಷಗಳು ಈ ದೃಷ್ಟಿಯಿಂದ ಬಹಳ ಮಹತ್ತ್ವದವು. (ಬೆಂಗಳೂರಿನ ಬಳಿಯ ತಾತಗುಣಿಯಲ್ಲಿ ನೆಲಸಿದ್ದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಇವನ ಮಗ.) ದಪ್ಪ ಉಣ್ಣೆಯ ನಿಲುವಂಗಿ, ಅದರ ಮೇಲೆ ವೃತ್ತ ಚೌಕಗಳ ಅಚ್ಚು. ಕಾಲ್ಬೆರಳನ್ನು ಒಳಕ್ಕೆ ತಿರುಗಿಸಿ, ಮಂಡಿ ಬಾಗಿಸಿ, ನೆಲವನ್ನು ಗುದ್ದುವ ನೃತ್ಯಕ್ಕೆ ಆ ಭಾರವೇ ಆಧಾರ. ಇವುಗಳನ್ನು ನೋಡಿ ಯಾವ ಪ್ಯಾರಿಸ್ ದರ್ಜಿಯೂ ಔತಣದ ಅಂಗಿಗಳನ್ನು ಹೊಲಿಯಲಿಲ್ಲ. ಬೀದಿಯ ಮೇಲಿನ ಪ್ರಭಾವವನ್ನೇ ಅಳತೆಯಾಗಿಟ್ಟುಕೊಂಡರೆ ಶ್ರೇಷ್ಠವಾದ ಈ ಆಹಾರ್ಯವನ್ನು ವಿಫಲವೆನ್ನಬೇಕಾಗುತ್ತದೆ. ೧೯೨೦ರಲ್ಲಿ ಇದನ್ನು ಮತ್ತೆ ರಂಗಕ್ಕೆ ತಂದಾಗ ನಿಜಿನ್‌ಸ್ಕಿಯ ಸಂಯೋಜನೆ ನೆನಪಿನಿಂದ ಜಾರಿಹೋಗಿತ್ತು. ವೇಷಗಳು ಮಾತ್ರ ಉಳಿದಿದ್ದವು. ಅವುಗಳಿಗೆ ಮಾಸೀನ್ ಹೊಸ ನೃತ್ಯವನ್ನು ಕಟ್ಟಿಕೊಡಬೇಕಾಯಿತು. ಬಟ್ಟೆಗಿಂತ ಚಲನೆ ಎಷ್ಟು ಅಲ್ಪಾಯು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಇದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು. ೧೯೨೪ರ ಜೂನ್ ೨೦ರಂದು ಪ್ರದರ್ಶಿತವಾದ ‘ನೀಲಿ ರೈಲು’ ಬ್ಯಾಲೆಗೆ ವೇಷಗಳನ್ನು ಕೊಟ್ಟವಳು ಪ್ಯಾರಿಸ್ಸಿನ ಉಡುಪಿನ ಲೋಕದಲ್ಲಿ ಆಗಲೇ ಹೆಸರಾಗಿದ್ದ ಶನೆಲ್. ಸಮುದ್ರತೀರದಲ್ಲಿ ವಿಹರಿಸುವವರ ಈಜುಡುಪು, ಟೆನಿಸ್ ಮತ್ತು ಗಾಲ್ಫ್ ಆಟಗಾರರ ಬಟ್ಟೆ ಇವೇ ಅಲ್ಲಿ ರಂಗವನ್ನೇರಿದವು. ಬೀದಿಯ ಉಡುಪೇ ವೇಷವಾದ ಮೇಲೆ ನಮ್ಮ ಭೇದ ನಿಲ್ಲುವುದೇ? ನಿಲ್ಲುತ್ತದೆ. ನಿಜಿನ್‌ಸ್ಕಿಯ ತಂಗಿ ಬ್ರಾನಿಸ್ಲಾವಾ ನಿಜಿನ್‌ಸ್ಕಾ ಈ ನೃತ್ಯವನ್ನು ಕ್ರೀಡೆಗಳ ಚಲನೆಯಿಂದಲೇ ಕಟ್ಟಿದಳು. ಆದುದರಿಂದ ಆ ಉಡುಪು ಅಲ್ಲಿ ನಿಜವಾಗಿ ವೇಷವಾಯಿತು. ಶನೆಲ್ ಬಳಸಿದ ಮೆತ್ತನೆಯ ಜರ್ಸಿ ಬಟ್ಟೆ ಹೆಣ್ಣು ಓಡಾಡಬೇಕು, ಕೈ ಚಾಚಬೇಕು ಎಂಬ ಅಗತ್ಯಕ್ಕೆ ಒದಗಿದ್ದು. ರಂಗದ ಬಣ್ಣಗಳಿಂದ ಬೀದಿಗೆ ಬಾರದ ಚಲನೆಯ ಬಿಡುಗಡೆ ಆಟದ ಮೈದಾನದ ಮೂಲಕ ಬಂದಿತು. ‘ನೀಲಿ ರೈಲು’ ಅದನ್ನು ರಂಗಕ್ಕೆ ಮರಳಿಸಿತು. ಆದರೆ ಅದರ ಆಯುಷ್ಯ ಆ ಋತುವಿನ ವಿನೋದಕ್ಕೂ, ಆಂಟನ್ ಡಾಲಿನ್ ಎಂಬ ಒಬ್ಬ ನರ್ತಕನ ಅಂಗಸಾಧನೆಗೂ ಕಟ್ಟುಬಿದ್ದಿತ್ತು. ಅವನು ತಂಡವನ್ನು ಬಿಟ್ಟ ಮೇಲೆ ಬ್ಯಾಲೆಯೂ ನಿಂತಿತು. ಇದಕ್ಕೆ ಪ್ರತಿಯಾಗಿ ಬ್ಯಾಲಂಚಿನನ ‘ಅಪಾಲೊ’ವನ್ನು ನೋಡಬೇಕು. ೧೯೨೮ರಲ್ಲಿ ಬೋಷಾನನ ವೇಷಗಳಿಂದ ಆರಂಭವಾಗಿ, ಮರುವರ್ಷ ಶನೆಲ್‌ಳ ವೇಷಗಳನ್ನು ಪಡೆದು, ಮುಂದೆ ಅಭ್ಯಾಸದ ಸರಳ ಬಟ್ಟೆಗೆ ಇಳಿದರೂ ಅದು ಇಂದಿಗೂ ಜೀವಂತವಾಗಿದೆ.

ಈ ವಿಚಾರದಿಂದ ವಿದ್ಯಾರ್ಥಿಗೆ ಆಗುವ ಪ್ರಯೋಜನವೇನು? ದ್ಯಾಗಿಲೆವನ ತಂಡದ ನೂರಾರು ವೇಷಗಳು ಇಂದು ಲಂಡನ್ ಮತ್ತು ಕ್ಯಾನ್‌ಬೆರಾ ನಗರಗಳ ಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ನಿಂತಿವೆ. ನೃತ್ಯಗಳಲ್ಲಿ ಹಲವು ಅಳಿದಿವೆ. ಉಳಿದದ್ದನ್ನು ನೋಡಿ ಅಳಿದುದನ್ನು ಅಳೆಯುವ ಕಷ್ಟ ಚರಿತ್ರಕಾರನಿಗೆ ತಪ್ಪಿದ್ದಲ್ಲ. ಆ ಕಷ್ಟವನ್ನು ಮರೆತಾಗ ನೃತ್ಯದ ಚರಿತ್ರೆ ಬಟ್ಟೆಯ ಚರಿತ್ರೆಯಾಗಿಬಿಡುತ್ತದೆ. ಬೇರೆ ದಾರಿಯೂ ಉಂಟು. ೧೯೮೭ರಲ್ಲಿ ಅಮೆರಿಕದ ಜಾಫ್ರಿ ತಂಡಕ್ಕಾಗಿ ‘ವಸಂತ ವಿಧಿ’ಯನ್ನು ಪುನರ್ನಿರ್ಮಿಸಿದ ಮಿಲಿಸೆಂಟ್ ಹಾಡ್ಸನ್ ಮತ್ತು ಕೆನೆತ್ ಆರ್ಚರ್ ಅವರಿಗೆ ರೋರಿಕನ ವೇಷಗಳು ಚಿತ್ರಗಳಾಗಿ ಅಲ್ಲ, ಸಾಕ್ಷಿಗಳಾಗಿ ಒದಗಿದವು. ಅವರ ಪುನರ್ನಿರ್ಮಾಣ ಎಷ್ಟರಮಟ್ಟಿಗೆ ಮೂಲಕ್ಕೆ ಸಮೀಪವೆಂಬುದು ಚರ್ಚೆಯ ವಿಷಯ. ಆದರೆ ಅವರು ಹಿಡಿದ ದಾರಿ ಸರಿಯಾದುದು. ವೇಷವನ್ನು ಪರೀಕ್ಷಿಸುವವನು ಅದರ ಬಣ್ಣವನ್ನು ಹೊಗಳುವ ಮೊದಲು ತೋಳು ಎಲ್ಲಿಯವರೆಗೆ ಏಳುತ್ತದೆ, ಲಂಗ ಎಷ್ಟು ಹೆಜ್ಜೆಗೆ ಎಡೆಗೊಡುತ್ತದೆ, ಭಾರ ಯಾವ ಅಂಗದ ಮೇಲೆ ಬೀಳುತ್ತದೆ ಎಂಬುದನ್ನು ಕೇಳಬೇಕು. ಆ ಪ್ರಶ್ನೆಗಳಿಗೆ ಉತ್ತರ ಕೊಡುವ ಬಟ್ಟೆಯೇ ಆಹಾರ್ಯ. ಉಳಿದುದು, ಎಷ್ಟೇ ಸುಂದರವಾಗಿರಲಿ, ಉಡುಪು.