ಜಪಾನೀ ಕುಂಚಲೇಖನದ ಪ್ರಥಮ ಪಾಠ ಮತ್ತು ಹಸ್ತಪ್ರತಿ ಪರಿಶೀಲನೆ

ಪ್ರಾಚೀನ ಲಿಪಿಯನ್ನು ಓದುವವನಿಗೆ ಅದನ್ನು ಬರೆಯಲೂ ಬರಬೇಕೆ ಎಂಬ ಪ್ರಶ್ನೆ ಗ್ರಂಥಸಂಪಾದನೆಯ ಚರ್ಚೆಗಳಲ್ಲಿ ಬಹುಮಟ್ಟಿಗೆ ಉಪೇಕ್ಷಿತವಾಗಿದೆ. ಛಾಯಾಪ್ರತಿಗಳ ನೆರವಿನಿಂದ ಓದನ್ನು ಅಭ್ಯಸಿಸುವ ವಿದ್ಯಾರ್ಥಿಯು ಓಲೆಯನ್ನಾಗಲಿ ಕಂಟವನ್ನಾಗಲಿ ಮುಟ್ಟದೆಯೇ ಲಿಪಿಜ್ಞನೆನಿಸಿಕೊಳ್ಳುವ ಸಂಭವವುಂಟು. ಈ ಕೊರತೆಯನ್ನು ಅಳೆಯಲು ಜಪಾನಿನ ‘ಶೊದೋ’ ಎಂಬ ಕುಂಚಲೇಖನದ ಆರಂಭಶಿಕ್ಷಣವು ಉಪಯುಕ್ತವಾದ ಒರೆಗಲ್ಲಾಗಿದೆ. ಅಲ್ಲಿನ ಶಾಲೆಗಳಲ್ಲಿ ಮೂರನೆಯ ತರಗತಿಯಿಂದಲೇ ಕುಂಚಬರಹವು ಪಠ್ಯಕ್ರಮದ ಅಂಗವಾಗಿದೆ.

ಪ್ರಥಮ ಪಾಠದ ಸಾಮಗ್ರಿ ಅಲ್ಪ: ಕುಂಚ, ಮಸಿಯ ಕಡ್ಡಿ, ಅದನ್ನು ನೀರಿನಲ್ಲಿ ತೇಯುವ ಕಲ್ಲು, ತೆಳುವಾದ ಕಾಗದ. ಕುಂಚವನ್ನು ನೆಟ್ಟಗೆ ಹಿಡಿದು, ಮಣಿಕಟ್ಟನ್ನು ಊರದೆ, ತೋಳಿನಿಂದಲೇ ಬರೆಯಬೇಕು. ಹೊಸಬನಿಗೆ ಹಲವು ವೇಳೆ ಮೊದಲು ಕೊಡುವುದು ‘ಒಂದು’ ಎಂಬ ಅರ್ಥದ ಅಕ್ಷರ. ಎಡದಿಂದ ಬಲಕ್ಕೆ ಎಳೆದ ಒಂದೇ ಅಡ್ಡಗೀಟು. ಅದರಲ್ಲಿಯೂ ಕುಂಚವನ್ನು ಇಳಿಸುವುದು, ಸಾಗಿಸುವುದು, ನಿಲ್ಲಿಸಿ ಎತ್ತುವುದು ಎಂಬ ಮೂರು ಅವಸ್ಥೆಗಳಿವೆ. ವಿದ್ಯಾರ್ಥಿಯು ಇದನ್ನರಿಯದೆ ಗೀಟನ್ನು ಚಿತ್ರದಂತೆ ಎಳೆಯತೊಡಗುತ್ತಾನೆ. ಶಂಕಿಸಿ ತಡೆದೆಡೆಯಲ್ಲಿ ಮಸಿ ಹರಡುತ್ತದೆ. ಅವಸರಿಸಿದೆಡೆಯಲ್ಲಿ ಗೀಟು ಒಣಗಿ ಸೀಳುತ್ತದೆ. ಬರೆದುದರ ಮೇಲೆ ಮರಳಿ ಕುಂಚವಾಡಿಸಿ ತಿದ್ದುವುದು ನಿಷಿದ್ಧ. ಗುರುವು ಕೆಂಪು ಮಸಿಯಿಂದ ಅದರ ಮೇಲೆಯೇ ಸರಿಯಾದ ನಡೆಯನ್ನು ಬರೆದು ತೋರಿಸುತ್ತಾನೆ. ಮುಂದೆ ‘ಶಾಶ್ವತ’ ಎಂಬ ಅರ್ಥದ ‘ಎಯ್’ ಅಕ್ಷರದ ಮೂಲಕ ಎಂಟು ಮೂಲವಿನ್ಯಾಸಗಳ ಅಭ್ಯಾಸವಾಗುತ್ತದೆ.

ಈ ಪಾಠದ ಮುಖ್ಯಫಲವು ಅಂದವಾದ ಅಕ್ಷರವಲ್ಲ. ಲಿಖಿತಾಕ್ಷರವು ಆಕೃತಿಮಾತ್ರವಲ್ಲ, ಕಾಲಕ್ರಮದಲ್ಲಿ ನಡೆದ ಕ್ರಿಯೆ ಎಂಬ ಅರಿವೇ ಅದರ ಫಲ. ಈ ಅರಿವು ಪಾಠನಿರ್ಣಯಕ್ಕೆ ನೇರವಾಗಿ ಸಲ್ಲುತ್ತದೆ. ಕನ್ನಡ ಹಸ್ತಪ್ರತಿಗಳಲ್ಲಿ ದಕಾರ ಧಕಾರಗಳ ಪಲ್ಲಟ ಸುಪರಿಚಿತವಾದುದು. ಅಕ್ಷರದ ಮೈ ಮುಗಿದ ಮೇಲೆ ಸೇರುವ ಸಣ್ಣ ಸೀಳು ಧಕಾರದ ಗುರುತು. ಆದುದರಿಂದ ಧಕಾರವು ದಕಾರವಾದಲ್ಲಿ ದಣಿದ ಕೈ ಕಡೆಯ ಗೀಟನ್ನು ಬಿಟ್ಟಿರಬಹುದೆಂದು ಊಹಿಸಲು ಅವಕಾಶವಿದೆ. ದಕಾರವು ಧಕಾರವಾದಲ್ಲಿ ಈ ಸಮಾಧಾನ ಸಲ್ಲದು. ಅಲ್ಲಿ ಕೈ ಹೆಚ್ಚಿನ ಕೆಲಸವನ್ನು ಮಾಡಿದೆ. ಅದಕ್ಕೆ ಲಿಪಿಕಾರನ ಉಚ್ಚಾರಣೆಯನ್ನೋ, ಅರ್ಥಗ್ರಹಣವನ್ನೋ, ಮಾತೃಪ್ರತಿಯ ಪಾಠವನ್ನೋ ಕಾರಣವಾಗಿ ಶೋಧಿಸಬೇಕು. ಎರಡನ್ನೂ ‘ಲಿಪಿಕಾರನ ಪ್ರಮಾದ’ ಎಂಬ ಒಂದೇ ಮಾತಿನಿಂದ ತಳ್ಳಿಹಾಕುವ ಸಂಪಾದಕನು ನಿಜವಾದ ಪಾಠಾಂತರವನ್ನು ಕಳೆದುಕೊಳ್ಳುವ ಅಪಾಯವಿದೆ.

ಆದರೆ ಜಪಾನೀ ಕ್ರಮವನ್ನು ಪೂರ್ಣವಾಗಿ ಅನುಕರಣೀಯವೆನ್ನಲಾಗದು. ಅದರ ಜೀವಾಳವಾದ ‘ರಿನ್‌ಶೊ’ ಎಂಬುದು ಪೂರ್ವಾಚಾರ್ಯರ ಬರಹವನ್ನು ನೋಡಿ ಬರೆಯುವ ಅಭ್ಯಾಸ. ಮೊದಲು ರೂಪವನ್ನು, ಬಳಿಕ ಭಾವವನ್ನು ಅನುಸರಿಸಿ, ಕಡೆಗೆ ಮಾದರಿಯನ್ನು ನೋಡದೆ ಬರೆಯಬೇಕು. ಇಲ್ಲಿ ಪ್ರಮಾಣವಾಗುವುದು ಅಕ್ಷರದ ನಡೆಯೇ ಹೊರತು ಗ್ರಂಥದ ಪಾಠವಲ್ಲ. ಇದರ ಗುಣದೋಷಗಳೆರಡಕ್ಕೂ ಭಾರತೀಯ ಲಿಪಿಯೇ ಸಾಕ್ಷಿ. 804ರಲ್ಲಿ ಚೀನಾಕ್ಕೆ ಹೋಗಿ 806ರಲ್ಲಿ ಹಿಂದಿರುಗಿದ ಬೌದ್ಧಾಚಾರ್ಯ ಕೂಕಾಯ್ ಸಿದ್ಧಂ ಲಿಪಿಯ ಅಧ್ಯಯನವನ್ನು ಜಪಾನಿನಲ್ಲಿ ನೆಲೆಗೊಳಿಸಿದವರಲ್ಲಿ ಪ್ರಮುಖ. ಭಾರತದಲ್ಲಿ ಬಳಕೆ ತಪ್ಪಿದ ಆ ಲಿಪಿಯನ್ನು ಅಲ್ಲಿ ಇಂದಿಗೂ ಬೀಜಾಕ್ಷರಗಳಾಗಿ ಬರೆಯುತ್ತಾರೆ. ಕೈಯ ಪರಂಪರೆ ಲಿಪಿಯನ್ನು ಉಳಿಸಿತು; ಆದರೆ ಸಂಸ್ಕೃತವನ್ನರಿಯದೆಯೂ ಅದನ್ನು ಬರೆಯುವುದು ಸಾಧ್ಯವಾಯಿತು. ಹೋರ್ಯೂಜಿ ವಿಹಾರದಲ್ಲಿದ್ದ ತಾಳೆಗರಿಗಳಲ್ಲಿ ಪ್ರಜ್ಞಾಪಾರಮಿತಾಹೃದಯ ಹಾಗೂ ಉಷ್ಣೀಷವಿಜಯಾ ಧಾರಣಿಗಳ ತರುವಾಯ ವರ್ಣಮಾಲೆಯೂ ಇದೆ. ಅವುಗಳ ಪಾಠವನ್ನು ಮ್ಯಾಕ್ಸ್ ಮುಲ್ಲರ್ ಮತ್ತು ಬುನ್ಯೂ ನಾಂಜಿಯೊ 1884ರಲ್ಲಿ ಪ್ರಕಟಿಸಿದರು. ಮಾತೃಕೆಯೂ ಗ್ರಂಥವೂ ಜೊತೆಗಿರಬೇಕೆಂಬುದಕ್ಕೆ ಆ ಗರಿಗಳೇ ನಿದರ್ಶನ.

ಜೈನ ಪರಂಪರೆಯಲ್ಲಿ ಈ ಎರಡೂ ಒಂದಾಗಿದ್ದವು. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಋಷಭದೇವನು ಬ್ರಾಹ್ಮಿಗೆ ಲಿಪಿಯನ್ನು ಕೈಯಾರೆ ಬರೆದು ಉಪದೇಶಿಸುತ್ತಾನೆ. ಅಲ್ಲಿ ಸಿದ್ಧಮಾತೃಕೆಯ ಹೆಸರೂ ಬರುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನಮಾಡಿದ ಅತ್ತಿಮಬ್ಬೆಯ ಉದ್ದೇಶ ಶಾಸ್ತ್ರದಾನ. ಅಲ್ಲಿ ಲಿಪಿಸೌಷ್ಠವವು ಗ್ರಂಥರಕ್ಷಣೆಗೆ ಅಧೀನ. ಇಂದು ಮುದ್ರಣವು ಪಾಠವನ್ನು ಕಾಯುತ್ತಿದೆ, ಕೈಯ ಜ್ಞಾನವೋ ಕ್ಷೀಣಿಸುತ್ತಿದೆ.

ಕುಂಚದ ನಿಯಮಗಳು ಕಂಟಕ್ಕೆ ಅನ್ವಯಿಸವು. ಕುಂಚದ ಮಸಿ ತಪ್ಪನ್ನು ತಕ್ಷಣವೇ ತೋರಿಸುತ್ತದೆ. ಕೊರೆದ ಓಲೆಯಾದರೋ ಮಸಿ ಪೂಸುವ ತನಕ ಅಕ್ಷರವನ್ನು ಸ್ಪಷ್ಟವಾಗಿ ತೋರದು. ಈ ಕಾರಣದಿಂದ ಓಲೆಯ ದೋಷಗಳನ್ನು ಓಲೆಯ ಮೇಲೆಯೇ ಬರೆದು ಅರಿಯಬೇಕು. ಹಸ್ತಪ್ರತಿಶಾಸ್ತ್ರದ ಶಿಕ್ಷಣದಲ್ಲಿ ಓದಿನ ಪರೀಕ್ಷೆಗೆ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಂಟದಿಂದ ಒಂದು ಓಲೆಯನ್ನಾದರೂ ಪ್ರತಿಮಾಡಿ, ಮಾತೃಪ್ರತಿಯೊಡನೆ ಹೋಲಿಸಿ, ತನ್ನ ಸ್ಖಾಲಿತ್ಯಗಳನ್ನು ಪಟ್ಟಿಮಾಡುವುದು ವಿಹಿತ. ಗ್ರಂಥಾಂತ್ಯದಲ್ಲಿ ಬೆನ್ನು, ಸೊಂಟ, ಕೊರಳುಗಳ ನೋವನ್ನು ಹೇಳಿಕೊಂಡು ದೋಷಕ್ಕೆ ಕ್ಷಮೆ ಬೇಡುವ ಲಿಪಿಕಾರನ ಮಾತನ್ನು ಅಂಥ ವಿದ್ಯಾರ್ಥಿಯು ಕೇವಲ ಔಪಚಾರಿಕವೆಂದು ತಿಳಿಯಲಾರನು.