ಏಕಾರವೋ ಊಕಾರವೋ: ವ್ಯಾಪಾರಿ ಬಿಲ್ಲಿನ ಒಂದು ಇಂಗ್ಲಿಷ್ ಒಕ್ಕಣೆಯ ಅರ್ಥವಿಚಾರ

ವ್ಯಾಪಾರಿ ಬಿಲ್ಲುಗಳ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಕಾಣುವ ‘ಸಬ್ಜೆಕ್ಟ್ ಟು ಪುತ್ತೂರು ಜ್ಯೂರಿಸ್‌ಡಿಕ್ಷನ್’ ಎಂಬ ಮಾದರಿಯ ಒಕ್ಕಣೆಯನ್ನು ಕನ್ನಡದಲ್ಲಿ ‘ಪುತ್ತೂರು ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿದೆ’ ಎಂದು ಅನುವಾದಿಸುವುದುಂಟು. ಪದಶಃ ನೋಡಿದರೆ ಇದರಲ್ಲಿ ದೋಷವಿಲ್ಲ. ಆದರೆ ಓದುಗನಿಗೆ ಅತ್ಯಗತ್ಯವಾದ ಅರ್ಥಾಂಶವನ್ನೇ ಇದು ಅನಿಶ್ಚಿತವಾಗಿ ಉಳಿಸುತ್ತದೆ ಎಂಬುದು ನಮ್ಮ ವಾದ.

ಸುಳ್ಯದ ಕೃಷಿಕನೊಬ್ಬ ತನ್ನ ಅಂಗಳದಲ್ಲೇ ಅಡಿಕೆ ತೂಗಿ ಪುತ್ತೂರಿನ ವ್ಯಾಪಾರಿಗೆ ಒಪ್ಪಿಸಿದನೆಂದೂ ಹಣ ಬಾರದೆ ಉಳಿಯಿತೆಂದೂ ಭಾವಿಸೋಣ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೆಯ ಕಲಮಿನಂತೆ, ಪ್ರತಿವಾದಿ ವ್ಯವಹಾರ ನಡೆಸುವಲ್ಲಿ ಮಾತ್ರವಲ್ಲದೆ ವ್ಯಾಜ್ಯಕಾರಣ ಭಾಗಶಃ ಉಂಟಾದಲ್ಲಿಯೂ ದಾವೆ ಹೂಡಬಹುದು. ಹಾಗಾದರೆ ಬಿಲ್ಲಿನ ಒಕ್ಕಣೆ ಸುಳ್ಯದ ಬಾಗಿಲನ್ನು ಮುಚ್ಚುತ್ತದೆಯೆ?

ಸರ್ವೋಚ್ಚ ನ್ಯಾಯಾಲಯ ಈ ಬಗೆಯ ಒಕ್ಕಣೆಯನ್ನು ಎರಡು ರೀತಿಯಲ್ಲಿ ಓದಿದೆ. 1989ರ ಎ.ಬಿ.ಸಿ. ಲ್ಯಾಮಿನಾರ್ಟ್ ಪ್ರಕರಣದಲ್ಲಿ, ಕೈರಾ ನ್ಯಾಯಾಲಯವನ್ನು ಹೆಸರಿಸಿದ್ದರೂ ಇತರ ನ್ಯಾಯಾಲಯಗಳನ್ನು ಹೊರಗಿಡುವ ಉದ್ದೇಶ ಸ್ಪಷ್ಟವಿಲ್ಲವೆಂದು ಸೇಲಂನಲ್ಲಿ ದಾವೆ ನಡೆಯಲು ಅವಕಾಶವಾಯಿತು. 2013ರ ಸ್ವಸ್ತಿಕ್ ಗ್ಯಾಸಸ್ ಪ್ರಕರಣದಲ್ಲಿ, ‘ಮಾತ್ರ’ ಎಂಬರ್ಥದ ಪದವಿಲ್ಲದಿದ್ದರೂ ಕೋಲ್ಕತ್ತವನ್ನು ಹೆಸರಿಸಿದ್ದರಿಂದಲೇ ಉಳಿದವು ಹೊರಗುಳಿದವೆಂದು ತೀರ್ಮಾನವಾಯಿತು. ಮೊದಲನೆಯ ಓದು ವಾಚ್ಯದಲ್ಲಿ ನಿಷೇಧವನ್ನು ಹುಡುಕಿತು. ಎರಡನೆಯದು ಹೆಸರಿಸುವ ಕ್ರಿಯೆಯಲ್ಲೇ ನಿಷೇಧವನ್ನು ಕಂಡಿತು. ಮೀಮಾಂಸಕರ ಪರಿಸಂಖ್ಯಾವಿಧಿಯೂ ಇಂಥದೇ: ಒಂದನ್ನು ಹೇಳುವುದರ ತಾತ್ಪರ್ಯ ಉಳಿದವುಗಳ ನಿವೃತ್ತಿ.

ಕನ್ನಡದ ಓದುಗ ಯಾವ ಕಡೆಗೆ ವಾಲುತ್ತಾನೆ? ಅವಧಾರಣೆಯ ಏಕಾರ ನಮ್ಮ ದಿನಬಳಕೆಯ ಮಾತಿನಲ್ಲಿ ಸದಾ ಸಿದ್ಧವಾಗಿರುವ ಪ್ರತ್ಯಯ. ಹೊರಗಿಡುವುದೇ ಉದ್ದೇಶವಾಗಿದ್ದರೆ ‘ನ್ಯಾಯಾಲಯದಲ್ಲೇ’ ಎನ್ನುತ್ತಿದ್ದರು ಎಂದು ಆತ ಸಹಜವಾಗಿ ಊಹಿಸುತ್ತಾನೆ. ಈಚಿನ ತೀರ್ಪಿನ ಒಲವು ಇದಕ್ಕೆ ವಿರುದ್ಧವಾಗಿದೆ. ಬಿಲ್ಲಿನ ಅಚ್ಚು ಉಭಯಸಮ್ಮತ ಒಪ್ಪಂದವೆನಿಸುವುದೇ ಎಂಬುದು ಪ್ರತ್ಯೇಕ ಪ್ರಶ್ನೆ. ಎನಿಸಿದಲ್ಲಿ, ಅನುವಾದವನ್ನು ನಂಬಿದ ಕೃಷಿಕನೇ ನಷ್ಟಕ್ಕೆ ಗುರಿಯಾಗುತ್ತಾನೆ.

ಇನ್ನೆರಡು ಕೊರತೆಗಳಿವೆ. ‘ಒಳಪಟ್ಟಿದೆ’ ಎಂಬ ಕ್ರಿಯಾಪದಕ್ಕೆ ಕರ್ತೃವಿಲ್ಲ. ಒಳಪಟ್ಟಿರುವುದು ಮಾರಾಟವೋ ತಕರಾರೋ ತಿಳಿಯದು. ‘ಪುತ್ತೂರು’ ಎಂಬುದೂ ಪೇಟೆ, ತಾಲೂಕು, ನ್ಯಾಯಾಲಯ ಮೂರನ್ನೂ ಸೂಚಿಸಬಲ್ಲದು. ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ಕಡಬ ತಾಲೂಕು ರಚನೆಯಾದ ಮೇಲೆ, ಕಡಬದ ಓದುಗನಿಗೆ ತಾಲೂಕಿನ ಹೆಸರೂ ನ್ಯಾಯಾಲಯದ ಹೆಸರೂ ಒಂದೇ ಎಂಬ ಹಳೆಯ ಆಧಾರ ಸಾಲದು.

ಆದ್ದರಿಂದ ‘ಈ ಮಾರಾಟದ ತಕರಾರುಗಳನ್ನು ಪುತ್ತೂರಿನ ನ್ಯಾಯಾಲಯದಲ್ಲೇ ನಡೆಸತಕ್ಕದ್ದು’ ಎಂದೋ ‘ಪುತ್ತೂರಿನ ನ್ಯಾಯಾಲಯದಲ್ಲೂ ನಡೆಸಬಹುದು’ ಎಂದೋ ಬರೆಯಬೇಕೆಂದು ನಾವು ಸೂಚಿಸುತ್ತೇವೆ. ಏಕಾರ, ಊಕಾರಗಳಲ್ಲಿ ಯಾವುದು ಎಂಬುದನ್ನು ಅನುವಾದಕ ತಾನಾಗಿ ನಿರ್ಧರಿಸುವಂತಿಲ್ಲ; ಬಿಲ್ಲು ಮಾಡಿಸಿದವರನ್ನು ಕೇಳಿ ತಿಳಿಯಬೇಕು. ಮೂಲದ ಸಂದಿಗ್ಧತೆಯನ್ನು ಹಾಗೆಯೇ ಉಳಿಸುವುದು ಕಾವ್ಯಾನುವಾದದಲ್ಲಿ ನಿಷ್ಠೆಯಾಗಬಹುದು. ವ್ಯವಹಾರದ ಬರಹದಲ್ಲಿ ಅದು ದುರ್ಬಲನ ಮೇಲೆ ಹೊರಿಸಿದ ಹೊರೆ.