ಕೈಗುಣಕ್ಕಿಂತ ಕ್ರಮ ದೊಡ್ಡದು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಹಳೆಯ ಡೀಸೆಲ್ ಇಂಜಿನ್ ರಿಪೇರಿಯ ಮಾತು ಬಂದರೆ ಹೊಗಳಿಕೆಯೆಲ್ಲ ಒಂದೇ ಬಗೆಯ ಮಿಸ್ತ್ರಿಗೆ ಸಲ್ಲುತ್ತದೆ. ಚಾಲೂ ಆಗದ ಇಂಜಿನ್ ಮುಂದೆ ಕೂತು, ಯಾರನ್ನೂ ಏನೂ ಕೇಳದೆ, ನೇರ ನೋಜಲ್‌ಗೆ ಪಾನಾ ಹಾಕುವವನು ಅವನು. ಬಿಚ್ಚುತ್ತಾನೆ, ಊದುತ್ತಾನೆ, ಒರೆಸುತ್ತಾನೆ, ಕೂಡಿಸುತ್ತಾನೆ, ಹ್ಯಾಂಡಲ್ ಹೊಡೆಸುತ್ತಾನೆ. ಇಂಜಿನ್ ಎದ್ದಿತೆಂದರೆ ‘ಅವನ ಕೈಗುಣ ಹಂಗೈತ್ರಿ’ ಎಂದು ಊರೆಲ್ಲ ಸಾರುತ್ತದೆ. ಈ ಕೀರ್ತಿ ಅವನಿಗೆ ಸಲ್ಲಬೇಕಾದುದಕ್ಕಿಂತ ಬಹಳ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಂ.ಕೆ. ಹುಬ್ಬಳ್ಳಿಯಿಂದ ಮುನವಳ್ಳಿ ದಾಟಿ ರಾಮದುರ್ಗದವರೆಗೆ ಮಲಪ್ರಭೆಯ ದಂಡೆಯ ರೈತರಿಗೆ ಈ ಇಂಜಿನ್ ಏನೆಂದು ವಿವರಿಸಬೇಕಿಲ್ಲ. ಇಂಜಿನ್ ಮೇಲೆ ಹೆಸರು ಬಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದೇ ಇದೇ ಸೀಮೆಯ ಗುರ್ಲಹೊಸೂರಿನಲ್ಲಿ. ಮೂರು ಫೇಸ್ ಕರೆಂಟು ಕೈಕೊಟ್ಟ ದಿನ, ಕಬ್ಬು ಒಣಗುವ ಹೊತ್ತಿಗೆ, ಮೂಲೆಯಲ್ಲಿ ಬಿದ್ದಿದ್ದ ಸೆಕೆಂಡ್ ಹ್ಯಾಂಡ್ ಇಂಜಿನ್ ನೆನಪಾಗುತ್ತದೆ. ತಿಂಗಳುಗಟ್ಟಲೆ ನಿಂತದ್ದು ಸುಲಭಕ್ಕೆ ಏಳುವುದಿಲ್ಲ. ವಿಮರ್ಶೆಗೆ ತಕ್ಕ ಪ್ರಶ್ನೆ ಅಲ್ಲಿಂದ ಶುರು: ನೋಜಲ್ ಬಿಚ್ಚಿದ ಮೇಲೆ ಇಂಜಿನ್ ಎದ್ದದ್ದು ಯಾತರಿಂದ?

ನನ್ನ ಉತ್ತರ: ಬಹಳ ಸಲ ನೋಜಲ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಎದ್ದದ್ದು ಡೀಸೆಲ್ ಪೈಪಿನಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಹೊರಟುಹೋದದ್ದರಿಂದ.

ಇದನ್ನು ಲೆಕ್ಕ ಹಾಕಿಯೇ ನೋಡೋಣ. 5 ಎಚ್‌ಪಿ ಇಂಜಿನ್ ಪೂರ್ತಿ ಭಾರದಲ್ಲಿ ಗಂಟೆಗೆ ಹೆಚ್ಚುಕಡಿಮೆ ಒಂದು ಲೀಟರ್ ಡೀಸೆಲ್ ಕುಡಿಯುತ್ತದೆ. ನಿಮಿಷಕ್ಕೆ 1500 ಸುತ್ತು, ಎರಡು ಸುತ್ತಿಗೊಮ್ಮೆ ಡೀಸೆಲ್ ಸಿಡಿತ. ಅಂದರೆ ಗಂಟೆಗೆ 45,000 ಸಲ. ಒಂದು ಲೀಟರನ್ನು 45,000 ಪಾಲು ಮಾಡಿದರೆ ಒಂದು ಪಾಲಿಗೆ ಬರುವುದು ಅರ್ಧ ಹನಿಯಷ್ಟು. ಆ ಅರ್ಧ ಹನಿಯನ್ನು ಡೀಸೆಲ್ ಪಂಪು ಎಷ್ಟೋ ಇಂಜಿನ್‌ಗಳಲ್ಲಿ ಚದರ ಸೆಂಟಿಮೀಟರಿಗೆ 200 ಕಿಲೋದ ಆಸುಪಾಸಿನ ಒತ್ತಡಕ್ಕೆ ಏರಿಸಬೇಕು, ಆಗಲೇ ನೋಜಲಿನ ಸೂಜಿ ಮೇಲೇಳುವುದು. ಡೀಸೆಲ್ ಅದುಮಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಸಣ್ಣದೊಂದು ಗುಳ್ಳೆ ಕೂತರೆ ಪಂಪಿನ ಒತ್ತೆಲ್ಲ ಅದನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ, ಸೂಜಿ ಏಳುವುದಿಲ್ಲ. ಟಾಕಿ ತುಂಬಿದ್ದರೂ, ನೋಜಲ್ ಹೊಚ್ಚಹೊಸದಾಗಿದ್ದರೂ ಇಂಜಿನ್ ಸತ್ತಂತೆ ಬಿದ್ದಿರುತ್ತದೆ.

ಗಾಳಿ ತೆಗೆಯುವ ಕೆಲಸ ನೋಡುವವರಿಗೆ ಸಪ್ಪೆ, ಮಾಡುವವರಿಗೆ ಕಟ್ಟುನಿಟ್ಟು. ಮೊದಲು ಕಾಕ್ ತೆರೆದು ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಬೇಕು. ನೊರೆ ಬರುತ್ತದೆ, ಬಳಿಕ ಗುಳ್ಳೆ, ಕೊನೆಗೆ ಬರಿಯ ಡೀಸೆಲ್. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು, ನಿಂತ ಮೇಲಲ್ಲ. ಪಂಪಿನ ಸ್ಕ್ರೂಗೂ ಇದೇ ರೀತಿ. ಆಮೇಲೆ ನೋಜಲ್ ಕಡೆಯ ಪೈಪಿನ ನಟ್ಟನ್ನು ಒಂದು ಸುತ್ತು ಸಡಿಲಿಸಿ, ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸಬೇಕು. ನಟ್ಟಿನ ಸಂದಿಯಲ್ಲಿ ಡೀಸೆಲ್ ಜಿನುಗಿದರೆ ಬಿಗಿದು ಮತ್ತೆ ತಿರುಗಿಸಿ. ನೋಜಲಿನೊಳಗೆ ‘ಕಿರ್, ಕಿರ್’ ಎಂಬ ಸದ್ದು ಬಂತೆಂದರೆ ಕೆಲಸ ಮುಗಿಯಿತು. ಟಾಕಿಯಿಂದ ನೋಜಲಿನ ಕಡೆಗೇ ಸಾಗಬೇಕು. ತಿರುವುಮುರುವು ಮಾಡಿದರೆ ಹಿಂದೆ ಉಳಿದ ಗಾಳಿ ಮತ್ತೆ ಮುಂದಕ್ಕೆ ಬರುತ್ತದೆ.

ಕೈಗುಣದ ಮಿಸ್ತ್ರಿ ನೋಜಲ್ ತೆಗೆಯುವಾಗ ಅದೇ ನಟ್ಟನ್ನು ಬಿಚ್ಚಿಯೇ ಬಿಚ್ಚುತ್ತಾನೆ; ಕೂಡಿಸುವಾಗ ಹ್ಯಾಂಡಲ್ ತಿರುಗಿಸಿಯೇ ತಿರುಗಿಸುತ್ತಾನೆ. ಗಾಳಿ ತಾನಾಗಿ ಹೋಗುತ್ತದೆ, ಹೆಸರು ನೋಜಲಿಗೆ ಬರುತ್ತದೆ, ರೊಕ್ಕ ಮಿಸ್ತ್ರಿಗೆ. ಗಾಳಿ ಫಿಲ್ಟರಿನಲ್ಲೇ ಉಳಿದಿದ್ದರೆ ಇಂಜಿನ್ ಸ್ವಲ್ಪ ಹೊತ್ತು ಓಡಿ ಮತ್ತೆ ನಿಲ್ಲುತ್ತದೆ. ಆಗ ‘ಪಂಪು ಹೋಗೇತಿ’ ಎಂಬ ಎರಡನೆಯ ತೀರ್ಪು ಬರುತ್ತದೆ. ನೋಜಲಿನ ಸೂಜಿಗೂ ಅದರ ಗೂಡಿಗೂ ನಡುವಿನ ಸಂದು ಕೆಲವೇ ಮೈಕ್ರಾನ್. ಹೊಲದ ಧೂಳಿನಲ್ಲಿ ಅದನ್ನು ಬಿಚ್ಚಿ ಅಂಗಿಯ ತುದಿಯಿಂದ ಒರೆಸುವುದು ಒಳ್ಳೆಯ ನೋಜಲನ್ನು ಕೆಡಿಸುವ ಹಾದಿ. ಸಿಡಿತ ನೋಡಲು ಅಂಗೈ ಒಡ್ಡುವುದಂತೂ ಅಪಾಯ: ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಹೊಗುತ್ತದೆ.

ಇಲ್ಲಿ ಎರಡು ಬಣದವರೊಡನೆ ನನ್ನ ಜಗಳವಿದೆ. ದೇಸಿ ಜ್ಞಾನದ ಹೆಸರಿನಲ್ಲಿ ಬರೆಯುವವರು ಮಿಸ್ತ್ರಿಯ ಕಿವಿಯನ್ನೂ ಕೈಯನ್ನೂ ಪವಾಡವಾಗಿಸಿದ್ದಾರೆ. ಪವಾಡವೆಂದ ಮೇಲೆ ಕಲಿಯುವ ಹುಡುಗ ಪ್ರಶ್ನೆ ಕೇಳುವಂತಿಲ್ಲ, ರೊಕ್ಕ ಕೊಡುವ ರೈತನೂ ಕೇಳುವಂತಿಲ್ಲ. ಹೇಳಿಕೊಡಲು ಬರದ ವಿದ್ಯೆಯನ್ನು ಹೊಗಳುವುದು ಆ ವಿದ್ಯೆಗೆ ಮಾಡುವ ಉಪಕಾರವಲ್ಲ. ಇನ್ನೊಂದು ಬಣ ಪುಸ್ತಕದವರದು. ಅವರ ‘ತೊಂದರೆ–ಕಾರಣ–ಪರಿಹಾರ’ ಪಟ್ಟಿಯಲ್ಲಿ ಗಾಳಿ, ನೀರು, ನೋಜಲ್, ರಿಂಗು ಎಲ್ಲವೂ ಒಂದೇ ಸಾಲಿನಲ್ಲಿ ಸಮವಾಗಿ ಕೂತಿರುತ್ತವೆ. ಯಾವುದನ್ನು ಮೊದಲು ನೋಡಬೇಕು, ಯಾವುದಕ್ಕೆ ದುಡ್ಡಿಲ್ಲ, ಯಾವುದು ಮರಳಿ ಸರಿಹೋಗದು ಎಂಬ ವಿವೇಕ ಆ ಪಟ್ಟಿಯಲ್ಲಿಲ್ಲ. ಒಬ್ಬರು ಕ್ರಮವನ್ನು ಮುಚ್ಚಿಟ್ಟರು, ಇನ್ನೊಬ್ಬರು ಮರೆತರು. ನಷ್ಟ ರೈತನದೇ.

ಕ್ರಮ ಗೊತ್ತಿದ್ದವನು ಮೊದಲು ಹೊಗೆ ನೋಡುತ್ತಾನೆ. ಹ್ಯಾಂಡಲ್ ಹೊಡೆದಾಗ ಹೊಗೆಯೇ ಇಲ್ಲವೆಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಕಾಕ್, ಫಿಲ್ಟರ್, ಗಾಳಿ ನೋಡು. ಬಿಳಿ ಹೊಗೆ ಬಂದೂ ಹೊತ್ತದಿದ್ದರೆ ಡೀಸೆಲ್ ಹೋಗಿದೆ, ಬಿಸಿ ಸಾಲದು. ಕಂಪ್ರೆಷನ್, ವಾಲ್ವು, ರಿಂಗು, ಟೈಮಿಂಗ್ ಕಡೆ ತಿರುಗು. ಓಡಿ ಓಡಿ ನಿಂತು, ಸ್ವಲ್ಪ ತಡೆದು ಮತ್ತೆ ಏಳುತ್ತಿದ್ದರೆ ಟಾಕಿಯ ಮುಚ್ಚಳದ ತೂತು ಕಟ್ಟಿರಬಹುದು. ಮುಚ್ಚಳ ಸಡಿಲಿಸಿ ಓಡಿಸಿದರೆ ಗೊತ್ತಾಗುತ್ತದೆ. ನಿಂತ ಟಾಕಿಯ ತಳದಲ್ಲಿ ನೀರು ಕೂತಿರುತ್ತದೆ. ತಳದ ಡೀಸೆಲನ್ನು ಗಾಜಿನ ಬಾಟಲಿಗೆ ಇಳಿಸಿ ಇಟ್ಟರೆ ನೀರು ಕೆಳಗೆ ಬೇರೆಯಾಗುತ್ತದೆ. ಈ ಪರೀಕ್ಷೆಗಳಲ್ಲಿ ಒಂದಕ್ಕೂ ಹೊಸ ಸಾಮಾನು ಬೇಡ.

ನೋಜಲ್ ಕೆಡುವುದೇ ಇಲ್ಲವೆಂದು ಯಾರೂ ಹೇಳಲಾರರು. ತೊಟ್ಟಿಕ್ಕುವ ನೋಜಲ್ ಕರಿ ಹೊಗೆ ಉಗುಳುತ್ತದೆ, ಇಂಜಿನ್ ಬಡಿಯುತ್ತದೆ. ಅದನ್ನು ಪರೀಕ್ಷಾ ಯಂತ್ರವಿರುವ ಅಂಗಡಿಗೆ ಒಯ್ಯಲೇಬೇಕು. ಆದರೆ ಅದು ಕೊನೆಯ ಬಾಗಿಲು, ಮೊದಲನೆಯದಲ್ಲ. ಗಾಳಿ ಸೇದುವ ಬಾಯಿಗೆ ಚಿಂದಿಯ ಬೆಂಕಿ ಹಿಡಿಯುವುದು, ಸ್ಪ್ರೇ ಹೊಡೆಯುವುದು ಇವನ್ನು ನಾನು ರಿಪೇರಿ ಎಂದು ಕರೆಯಲಾರೆ. ಅವು ರಿಂಗು, ಪಿಸ್ಟನ್ನಿಗೆ ಹೊಡೆತ ಕೊಟ್ಟು ಮೂಲ ದೋಷವನ್ನು ಒಂದು ದಿನದ ಮಟ್ಟಿಗೆ ಮುಚ್ಚಿಡುತ್ತವೆ.

ಹಳೆಯ ಇಂಜಿನ್ ಕೊಳ್ಳುವವರಿಗೆ ಒಂದು ಮಾತು. ನೀವು ಹೋಗುವ ಮುಂಚೆ ಮಾರುವವನು ಅದನ್ನು ಓಡಿಸಿ ಬಿಸಿ ಮಾಡಿಟ್ಟಿದ್ದರೆ ಆರುವವರೆಗೆ ಕಾಯಿರಿ, ತಣ್ಣಗಿರುವಾಗ ನೀವೇ ಹ್ಯಾಂಡಲ್ ಹೊಡೆದು ನೋಡಿ. ಮಿಸ್ತ್ರಿಯನ್ನು ಕರೆಸಿದಾಗ, ಅವನು ನೋಜಲ್‌ಗೆ ಪಾನಾ ಹಾಕುವ ಮೊದಲು ‘ಗಾಳಿ ತೆಗೆದ್ರೇನ್ರಿ?’ ಎಂದು ಕೇಳಿ. ಸಿಟ್ಟಾಗುವವನನ್ನು ಬಿಟ್ಟು, ತೆಗೆದು ತೋರಿಸುವವನಿಗೆ ನಿಮ್ಮ ಇಂಜಿನ್ ಕೊಡಿ.